ಟೊರೊಂಟೊದಲ್ಲೊಂದು ಪಕ್ಷಾಂತರ

2025ರ ಮಾರ್ಚ್ 1, ಶನಿವಾರ. ಟೊರೊಂಟೊದ ರೋಜರ್ಸ್ ಸೆಂಟರ್ ಕ್ರೀಡಾಂಗಣದಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿ ನೋಡಿ ಮಗನೊಂದಿಗೆ ಮನೆಗೆ ಮರಳುತ್ತ, ರೈಲಿನಲ್ಲಿ ಕುಳಿತೇ ಊರಿನ ಭಾವನಿಗೆ ಒಂದು ಸಂದೇಶ ಕಳಿಸಿದೆ: ಜಾನ್ ಸೀನಾ ಕೆಟ್ಟವನಾದ. ಹೊನ್ನಾವರದಲ್ಲಿ ಆಗ ಬೆಳಗಿನ ಹೊತ್ತು. ಎರಡು ನಿಮಿಷದಲ್ಲಿ ಉತ್ತರ ಬಂತು: "ಅದೆಲ್ಲ ನಾಟಕ ಮಾರಾಯ. ನಲವತ್ತು ದಾಟಿದರೂ ನಿನಗೆ ಆ ಮರುಳು ಹೋಗಲಿಲ್ಲವಾ?" ಹದಿನಾಲ್ಕು ವರ್ಷಗಳಿಂದ ಕೆನಡಾದಲ್ಲಿರುವ ನನಗೆ ಊರಿನವರ ಕೊಂಕು ಹೊಸದೇನಲ್ಲ. ಆದರೂ ಆ ಉತ್ತರ ಮನೆ ತಲುಪುವವರೆಗೂ ಚುಚ್ಚುತ್ತಲೇ ಇತ್ತು.

ನಾವು ಕುಳಿತದ್ದು ಐನೂರರ ಸಾಲಿನಲ್ಲಿ. ಅಲ್ಲಿಂದ ಅಖಾಡ ಬೆಂಕಿಪೊಟ್ಟಣದಷ್ಟು ಕಾಣುತ್ತದೆ, ಮುಖಗಳೆಲ್ಲ ಪರದೆಯ ಮೇಲೆಯೇ. ಚಾಂಪಿಯನ್ ಕೋಡಿ ರೋಡ್ಸ್‌ನ ಬಳಿ ಹಳೆಯ ಕುಸ್ತಿ ತಾರೆ ದಿ ರಾಕ್ ಅವನ ಆತ್ಮವನ್ನೇ ಕೇಳಿದ್ದ, ಕೋಡಿ ಕೊಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದ. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಪಂಜರದ ಪಂದ್ಯ ಗೆದ್ದು, ಕೋಡಿಯೊಂದಿಗೆ ಪಟ್ಟಕ್ಕೆ ಸೆಣಸುವ ಹಕ್ಕು ಪಡೆದಿದ್ದ ಸೀನಾ ಅವನನ್ನು ಬಾಚಿ ತಬ್ಬಿಕೊಂಡ. ತಬ್ಬಿಕೊಂಡಿರುವಾಗಲೇ ರಾಕ್ ತನ್ನ ಹೆಬ್ಬೆರಳನ್ನು ಕತ್ತಿನ ಮೇಲೆ ಅಡ್ಡಲಾಗಿ ಎಳೆದ. ಪರದೆಯ ಮೇಲೆ ಸೀನಾನ ಮುಖದಿಂದ ನಗೆ ಇಳಿದುಹೋದದ್ದು ಕಾಣಿಸಿತು. ಮರುಕ್ಷಣ ಅವನು ಕೋಡಿಯ ಸೊಂಟದ ಕೆಳಗೆ ಒದ್ದ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಸಜ್ಜನನ ಪಾತ್ರ ಬಿಡದವನು, ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಸಂಸ್ಥೆಯ ಮೂಲಕ 650ಕ್ಕೂ ಹೆಚ್ಚು ಮಕ್ಕಳನ್ನು ಭೇಟಿಯಾದವನು ಹಾಗೆ ಒದ್ದಾಗ ಕ್ರೀಡಾಂಗಣದಿಂದ ಹೊರಟ ಸದ್ದು ಕೂಗೂ ಅಲ್ಲ, ಚಪ್ಪಾಳೆಯೂ ಅಲ್ಲ. ಸಾವಿರಾರು ಜನ ಒಟ್ಟಿಗೇ ಉಸಿರು ಎಳೆದುಕೊಂಡಂತಿತ್ತು. ನನ್ನ ಮಗ ಪಾಪ್‌ಕಾರ್ನ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದ.

ಸೋಮವಾರ ಕಚೇರಿಯ ಊಟದ ಕೋಣೆಯಲ್ಲಿ ಭಾವನ ಮಾತಿಗೆ ನೇರ ವಿರುದ್ಧವಾದದ್ದನ್ನು ಕಂಡೆ. ಲೆಕ್ಕಪತ್ರ ವಿಭಾಗದ, ನಿವೃತ್ತಿಗೆ ಎರಡೇ ವರ್ಷ ಉಳಿದಿರುವ, ಮೂಲತಃ ಕ್ಯಾಲ್ಗರಿಯ ಮಹಿಳೆಯೂ ಬ್ರಾಂಪ್ಟನ್ನಿನ ಪಂಜಾಬಿ ಹುಡುಗನೂ ಆಗಲೇ ಇದೇ ವಿಷಯಕ್ಕೆ ಜಗಳಕ್ಕೆ ನಿಂತಿದ್ದರು. ಇದು ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ. ಅದು ಬರೆದ ಕಥೆ, ಗೆಲ್ಲುವವನು ಮೊದಲೇ ನಿಶ್ಚಿತ ಎಂಬುದು ಅವರಿಗೆ ಉಪ್ಪಿನ ರುಚಿಯಷ್ಟೇ ಸಹಜವಾಗಿ ಗೊತ್ತು. ಅವರು ಕಾದಾಡುತ್ತಿದ್ದದ್ದು 'ಟರ್ನ್' ಸರಿಯಾಗಿ ಆಯಿತೇ ಎಂಬುದರ ಮೇಲೆ. ಒಳ್ಳೆಯವನನ್ನು ಬೇಬಿಫೇಸ್ ಎಂದೂ ಕೆಟ್ಟವನನ್ನು ಹೀಲ್ ಎಂದೂ ಕರೆಯುವ ಈ ಲೋಕದಲ್ಲಿ ಒಬ್ಬ ಆ ಕಡೆಯಿಂದ ಈ ಕಡೆಗೆ ಹಾರುವುದೇ ಟರ್ನ್. ಪಕ್ಷಾಂತರ ಎಂದರೆ ನಮ್ಮವರಿಗೆ ಬೇಗ ತಿಳಿದೀತು, ರೆಸಾರ್ಟ್ ಒಂದು ಇಲ್ಲ ಅಷ್ಟೇ.

ಹುಡುಗನ ವಾದ, ಕಾರಣ ತೋರಿಸದ ಟರ್ನ್ ಬರೀ ಬೆಚ್ಚಿಬೀಳಿಸುವ ತಂತ್ರ ಎಂದು. ಮಹಿಳೆ ಒಪ್ಪಲಿಲ್ಲ. 1996ರ ಜುಲೈನಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ, ವರ್ಷಗಟ್ಟಲೆ ಸಜ್ಜನನಾಗಿದ್ದ ಹಲ್ಕ್ ಹೋಗನ್ ಹೀಗೆಯೇ ಹಠಾತ್ತನೆ ಎದುರಾಳಿಗಳ ಪಾಳಯ ಸೇರಿದಾಗ ಜನ ಅಖಾಡಕ್ಕೆ ಕಸ, ಕಾಗದದ ಲೋಟ ತೂರಿದರು. ಅಂದೂ ಯಾರೂ ಮುಂಗಡವಾಗಿ ಕಾರಣ ಹೇಳಿರಲಿಲ್ಲ ಎಂದಳು. ಹುಡುಗ ತಕ್ಷಣ, ಮೊನ್ನೆ ನಮ್ಮವರು ಲೋಟ ಎಸೆಯಲಿಲ್ಲ, ಫೋನ್ ಎತ್ತಿದರು ಎಂದ. ಎರಡು ವಾರದ ಬಳಿಕ ಬ್ರಸೆಲ್ಸ್‌ನಲ್ಲಿ ಸೀನಾ ಮಾತಿಗೆ ನಿಂತು ತಪ್ಪನ್ನೆಲ್ಲ ಪ್ರೇಕ್ಷಕರ ತಲೆಗೇ ಕಟ್ಟಿದಾಗ ವಾದ ಮತ್ತೆ ಮೊದಲಿಂದ ಶುರುವಾಯಿತು. ಅರ್ಧ ಜನ ಅವನ ಪರ, ಅರ್ಧ ಜನ ಅವನ ವಿರುದ್ಧ ಎಂಬಂತೆ ವರ್ಷಗಟ್ಟಲೆ ಎರಡು ಗಂಟಲಿನಲ್ಲಿ ಕೂಗಿದ್ದು ನಿಜವೇ ಆದ್ದರಿಂದ ಆ ಕಾರಣ ಸಾಕು ಎಂದು ಮಹಿಳೆ. ರಾಕ್ ಏಕೆ ಮತ್ತೆ ಮುಖ ತೋರಿಸಲಿಲ್ಲ, ಅದಕ್ಕೆ ಉತ್ತರ ಕೊಡಿ ಎಂದು ಹುಡುಗ. ಏಪ್ರಿಲ್ 20ರಂದು ಲಾಸ್ ವೇಗಸ್‌ನಲ್ಲಿ ಸೀನಾ ಮೋಸದಿಂದ ಗೆದ್ದು 17ನೆಯ ಸಲ ಪಟ್ಟ ಪಡೆದ ದಿನವೂ ರಾಕ್ ಬರಲಿಲ್ಲವಾದ್ದರಿಂದ ಆ ಸುತ್ತನ್ನು ಹುಡುಗನೇ ಗೆದ್ದನೆಂದು ನನ್ನ ತೀರ್ಪು.

ಆ ಮಹಿಳೆ ನನಗೆ ಕಲಿಸಿದ ಒಂದು ಪಾಠ ಮಾತ್ರ ಇನ್ನೂ ತಲೆಯಲ್ಲಿ ಕೂತಿದೆ. 1997ರ ಮಾರ್ಚ್ 23ರಂದು ಷಿಕಾಗೋದ ಬಳಿಯ ರೋಸ್‌ಮಾಂಟ್‌ನಲ್ಲಿ ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ಸೆಣಸಿದರು. ಒಳ ಬರುವಾಗ ಹಾರ್ಟ್ ಸಜ್ಜನ, ಆಸ್ಟಿನ್ ದುರ್ಜನ. ಹೊರ ಹೋಗುವಾಗ ಅದಲು ಬದಲು. ಹಣೆಯಿಂದ ರಕ್ತ ಸುರಿಯುತ್ತಿದ್ದ ಆಸ್ಟಿನ್, ಹಾರ್ಟನ ಕಾಲ್ಬಿಗಿಯಲ್ಲಿ ಸಿಕ್ಕಿಕೊಂಡು, ಸೋತೆ ಎನ್ನದೆ ಪ್ರಜ್ಞೆ ತಪ್ಪಿದ. ಪಂದ್ಯ ಮುಗಿದ ಮೇಲೂ ಹಾರ್ಟ್ ಅವನನ್ನು ಹೊಡೆಯಲು ಹೋದ. ಸ್ಟೀವ್ ಆಸ್ಟಿನ್ ಅಂದು ಒಂದೇ ಒಂದು ಒಳ್ಳೆಯ ಕೆಲಸ ಮಾಡಲಿಲ್ಲ, ಒಂದು ಒಳ್ಳೆಯ ಮಾತೂ ಆಡಲಿಲ್ಲ. ಆದರೂ ಅವನು ಕುಂಟುತ್ತ ಹೊರನಡೆದಾಗ ಜನ ಅವನ ಹೆಸರು ಹಿಡಿದು ಕೂಗಿದರು. ಇದನ್ನು ವಿವರಿಸುವಾಗ ಆಕೆ ಸ್ಯಾಂಡ್‌ವಿಚ್ ಕೆಳಗಿಟ್ಟು, ಪ್ರಜ್ಞೆ ತಪ್ಪುವ ಮುನ್ನ ಆಸ್ಟಿನ್ ಹಲ್ಲು ಕಚ್ಚಿ ಅರಚಿದ ರೀತಿಯನ್ನು ಮಾಡಿ ತೋರಿಸಿದ್ದಳು.

ನಮ್ಮಲ್ಲಿ ಇಂಥ ಮಾತುಕತೆ ಏಕೆ ಇರಲಿಲ್ಲ ಎಂದು ಯೋಚಿಸಿದರೆ ಈಗಲೂ ಸಿಟ್ಟು ಬರುತ್ತದೆ. ತೊಂಬತ್ತರ ದಶಕದಲ್ಲಿ ನಾವು ಇಡೀ ಊರಿನ ಹುಡುಗರು ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡ್ ಹಿಡಿದು ಎತ್ತರ, ತೂಕ, ಎದೆಯ ಸುತ್ತಳತೆ ಬಾಯಿಪಾಠ ಮಾಡಿದ್ದೆವು. ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದ್ದಾನೆಂದು ಆಣೆ ಹಾಕಿದ್ದೆವು. ಆದರೆ ನಮ್ಮ ಚರ್ಚೆಗೆ ಇದ್ದದ್ದು ಎರಡೇ ವಾಕ್ಯ. ಅದು ನಿಜ, ಅಥವಾ ಅದು ಸುಳ್ಳು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಎರಡನೆಯ ವಾಕ್ಯ ಗೆದ್ದಿತು, ಅಲ್ಲಿಗೆ ಎಲ್ಲರೂ ಬುದ್ಧಿವಂತರಾಗಿ ಆಟ ಬಿಟ್ಟರು. ಸುಳ್ಳೆಂದು ತಿಳಿದ ಮೇಲೇ ಶುರುವಾಗುವ ಮಾತೊಂದು ಇದೆಯೆಂದು ಯಾರೂ ಹೇಳಿಕೊಡಲಿಲ್ಲ.

ನಮ್ಮ ಸಿನಿಮಾದ ಅಭಿಮಾನಿಗಳದ್ದೂ ಇದೇ ಕಥೆ. ಪರದೆಯ ಮೇಲೆ ವಜ್ರಮುನಿಯವರು ಬಂದರೆ ನಮ್ಮಜ್ಜಿ ಟೀವಿಯ ಎದುರೇ ನೆಟಿಗೆ ಮುರಿಯುತ್ತಿದ್ದಳು. ಖಳನಾಗಿದ್ದವನು ನಾಯಕನಾಗುವುದಕ್ಕೆ ನಮ್ಮ ತಕರಾರಿಲ್ಲ. ಟೈಗರ್ ಪ್ರಭಾಕರ್ ಆ ದಾರಿಯಲ್ಲೇ ಬಂದರು, ಅಂಬರೀಷ್ ಅವರೂ ಖಳನ ಪಾತ್ರದಿಂದಲೇ ಶುರುಮಾಡಿದವರು. ಆದರೆ ನಾಯಕ ಖಳನಾಗುವಂತಿಲ್ಲ, ಸೋಲುವಂತಿಲ್ಲ, ಸಾಯುವುದಂತೂ ದೂರದ ಮಾತು. ಏಕಮುಖ ಸಂಚಾರದ ರಸ್ತೆ ನಮ್ಮದು. ಕಟೌಟಿಗೆ ಹಾಲೆರೆದ ಕೈ, ಅದೇ ನಟನನ್ನು ಅದೇ ಪ್ರೀತಿಯಿಂದ ಹೀಯಾಳಿಸುವ ಆಟವನ್ನು ಇನ್ನೂ ಕಲಿತಿಲ್ಲ. ಇಲ್ಲಿ ಹೀಯಾಳಿಕೆಯೇ ಹೀಲ್‌ಗೆ ಸಲ್ಲುವ ಸನ್ಮಾನ, ಮೌನವೊಂದೇ ಅವಮಾನ. ರೋಮನ್ ರೇನ್ಸ್‌ನನ್ನು ಸಜ್ಜನನೆಂದು ವರ್ಷಗಟ್ಟಲೆ ಮುಂದೆ ದೂಡಿದಾಗ ಒಪ್ಪದ ಜನ, 2020ರಲ್ಲಿ ಅವನು ದುರ್ಜನನಾಗಿ ಮರಳಿದ ಮೇಲೆ ತಲೆಯ ಮೇಲೆ ಹೊತ್ತುಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆದರೆ ಒಂದು ಮಧ್ಯಾಹ್ನ ಮಾತು 1997ರ ನವೆಂಬರ್ 9ಕ್ಕೆ, ಮಾಂಟ್ರಿಯಲ್‌ನಲ್ಲಿ ಕಂಪನಿಯವರೇ ಬ್ರೆಟ್ ಹಾರ್ಟ್‌ಗೇ ತಿಳಿಸದೆ ಅವನನ್ನು ಸೋಲಿಸಿ ಪಟ್ಟ ಕಿತ್ತುಕೊಂಡ ರಾತ್ರಿಗೆ ಹೊರಳಿತು. ಅಷ್ಟು ದಿನ ಕಥೆ, ಕಾರಣ, ಕಸುಬು ಎಂದು ತೂಗಿ ಮಾತನಾಡುತ್ತಿದ್ದ ಆ ಕ್ಯಾಲ್ಗರಿಯ ಮಹಿಳೆಯ ಕತ್ತು ಕೆಂಪಾಯಿತು. ಹಾರ್ಟ್ ಅವಳ ಊರಿನವನು. ರೋಸ್‌ಮಾಂಟ್ ಆದ ಮೇಲೆ ಅಮೆರಿಕದಲ್ಲಿ ಅವನು ದುರ್ಜನ, ಗಡಿ ದಾಟಿ ಈಚೆ ಬಂದರೆ ದೇವರು. ಅದೇ ವರ್ಷದ ಜುಲೈನಲ್ಲಿ ಕ್ಯಾಲ್ಗರಿಯ ಕ್ರೀಡಾಂಗಣ ಅವನಿಗಾಗಿ ಕೂಗಿದ್ದನ್ನು ಆಕೆ ಅಲ್ಲಿದ್ದೇ ಕೇಳಿದವಳು. ಅವನು ನಮ್ಮವನು ಎಂದು ಅವಳು ಹೇಳಿದ ಧಾಟಿ ನನಗೆ ಗಾಂಧಿನಗರದ ಚಿತ್ರಮಂದಿರವೊಂದರ ಮುಂದೆ ಕೇಳಿದ್ದೇ. ಅಲ್ಲದೆ ಮಾರ್ಚ್ 1ರ ರಾತ್ರಿ ಸೀನಾನ ಸರದಿ ಬರುವ ಮುಂಚೆಯೇ, ಎರಡು ದೇಶಗಳ ಸುಂಕದ ಜಗಳದ ಬಿಸಿಯಲ್ಲಿ ನಮ್ಮ ಕ್ರೀಡಾಂಗಣ ಅಮೆರಿಕದ ರಾಷ್ಟ್ರಗೀತೆಯನ್ನೇ ಹೀಯಾಳಿಸಿತ್ತು. ಅದು ಪ್ರೀತಿಯ ಹೀಯಾಳಿಕೆಯಾಗಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಹೊನ್ನಾವರದವನಾಗಿ ನಾನು ಸಿನಿಮಾದ ಮಾತನ್ನಷ್ಟೇ ಆಡಿ ಯಕ್ಷಗಾನ ಬಯಲಾಟದ ಮಾತು ಎತ್ತದೆ ಇದ್ದದ್ದು ಮರೆವಿನಿಂದಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ನೋಡಲು ಅಪ್ಪ ಗದ್ದೆ ದಾಟಿಕೊಂಡು ಹೋಗುತ್ತಿದ್ದ. ಕೀಚಕ ಸಾಯುತ್ತಾನೆಂಬುದು ಅಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತು, ಅವನು ದುಷ್ಟನೆಂಬುದೂ ಗೊತ್ತು. ಜನ ಬಂದದ್ದೇ ಆ ದುಷ್ಟನಿಗಾಗಿ. ಬೆಳಗಿನ ಜಾವ ಮರಳುವಾಗ ಅಪ್ಪ ಮತ್ತು ಭಾವ, ಟಾರ್ಚಿನ ಬೆಳಕಿನಲ್ಲಿ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯುತ್ತ, ಸೈರಂಧ್ರಿಯನ್ನು ಮೊದಲು ಕಂಡ ಗಳಿಗೆಯಲ್ಲಿ ಕೀಚಕನ ಕಣ್ಣು ಈ ವರ್ಷ ಬೇಗ ತಿರುಗಿತೋ ತಡವಾಯಿತೋ ಎಂದು ಮನೆಯ ಅಂಗಳದವರೆಗೂ ವಾದಿಸುತ್ತಿದ್ದರು. ನಾನು ಅಪ್ಪನ ಹೆಗಲಿನ ಮೇಲೆ ಅರೆನಿದ್ದೆಯಲ್ಲಿ ಅದನ್ನು ಕೇಳಿಸಿಕೊಂಡಿದ್ದೇನೆ. ಊಟದ ಕೋಣೆಯ ಜಗಳ ನನಗೆ ಅಷ್ಟು ಹಿಡಿಸಿದ್ದು ಏಕೆಂದು ಗೊತ್ತಾಗಲು ತಿಂಗಳುಗಳೇ ಹಿಡಿದವು.

ಆಗಸ್ಟ್ 1ರಂದು, ನ್ಯೂಜೆರ್ಸಿಯ ಸಮ್ಮರ್‌ಸ್ಲ್ಯಾಮ್ ಕುಸ್ತಿ ಪ್ರದರ್ಶನಕ್ಕೆ ಒಂದು ದಿನ ಮುಂಚೆ, ಸೀನಾ ಇದ್ದಕ್ಕಿದ್ದಂತೆ ಮತ್ತೆ ಒಳ್ಳೆಯವನಾದ. ಈ ಸಲ ನಾನು ಊರಿಗೆ ಸಂದೇಶ ಕಳಿಸಲಿಲ್ಲ. ಭಾವನೇ ಕಳಿಸಿದ: "ಐದೇ ತಿಂಗಳಿಗೆ ವೇಷ ಕಳಚಿದನಂತೆ? ನಮ್ಮ ಮೇಳದಲ್ಲಾದರೆ ಬೆಳಗಾಗುವವರೆಗಾದರೂ ಕಾಯುತ್ತಿದ್ದರು." ಅದನ್ನು ಇಂಗ್ಲಿಷಿಗೆ ತಿರುಗಿಸಿ ಊಟದ ಕೋಣೆಯಲ್ಲಿ ಓದಿದೆ. ಬ್ರಾಂಪ್ಟನ್ನಿನ ಹುಡುಗ ಮೇಜು ಕುಟ್ಟಿ ನಕ್ಕ. ಕ್ಯಾಲ್ಗರಿಯ ಮಹಿಳೆ ಮಾತ್ರ, ನಿನ್ನ ಭಾವ ಎಷ್ಟು ವರ್ಷದಿಂದ ಕುಸ್ತಿ ನೋಡುತ್ತಿದ್ದಾನೆ ಎಂದು ಗಂಭೀರವಾಗಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.