ಆ ಹಳದಿ ಓಣಿಯಲ್ಲಿ ಅಂಗಡಿಗಳೂ ಇವೆ

ಇವತ್ತು ಮಧ್ಯಾಹ್ನ ಒಂದು ಕಚೇರಿಯಲ್ಲಿ ಕಂಡದ್ದನ್ನು ಬರೆಯದಿದ್ದರೆ ನನಗೆ ಸಮಾಧಾನ ಆಗಲ್ಲ. ಬರಹ ಉದ್ದ ಆಗುತ್ತೆ. ನಮ್ಮ ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಅಂಗಡಿ ಇಟ್ಟುಕೊಂಡಿರುವ ಗೆಳೆಯರಂತೂ ದಯವಿಟ್ಟು ಪೂರ್ತಿ ಓದಿ.

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು ಅಂತ ನಿಮಗೆಲ್ಲ ಗೊತ್ತು. ಯಾವ ನೋಟಿಸ್ ಬಂದರೂ, ಯಾವ ಅರ್ಜಿ ತುಂಬಬೇಕಿದ್ದರೂ ಜನ ಮೊದಲು ನನ್ನ ಹತ್ತಿರ ಬರುತ್ತಾರೆ. ಹಾಗೆ ಬಂದವರು ಒಬ್ಬ ಅಕ್ಕ. ಸೀರೆಗೆ ಫಾಲ್ ಹಚ್ಚುತ್ತಾರೆ, ಪಿಕೋ ಮಾಡುತ್ತಾರೆ, ಬ್ಲೌಸ್ ಹೊಲಿಯುತ್ತಾರೆ. ಕೋಟೆ ಹತ್ತಿರದ ಒಂದು ಓಣಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಎಂಟು ಅಡಿಗೆ ಹತ್ತು ಅಡಿ. ಬಾಗಿಲ ಪಕ್ಕ ಕಾಲಲ್ಲಿ ತುಳಿಯುವ ಹಳೇ ಮಿಷಿನ್, ಒಳಗೆ ಪಿಕೋ ಮಿಷಿನ್, ಗೋಡೆ ತುಂಬ ಮೊಳೆಗಳಿಗೆ ಸಿಕ್ಕಿಸಿದ ದಾರದ ರೀಲುಗಳು. ಹಸಿರು ಒಂದರಲ್ಲೇ ಎಷ್ಟು ಬಗೆ! ಗಿಳಿ ಹಸಿರು, ಪಾಚಿ ಹಸಿರು, ಎಲೆ ಹಸಿರು. ಸೀರೆ ತಂದವರು ಸೆರಗಿನ ತುದಿಯನ್ನು ರೀಲಿನ ಪಕ್ಕ ಹಿಡಿದು ಬಣ್ಣ ಕೂಡಿಸುತ್ತಾರೆ. ಲೈಟಿನ ಬೆಳಕಲ್ಲಿ ಬಣ್ಣ ಬೇರೆಯೇ ಕಾಣುತ್ತೆ ಅಂತ ಹೊಸ್ತಿಲಿಗೆ ಬಂದು ಬಿಸಿಲಲ್ಲಿ ಮತ್ತೊಮ್ಮೆ ನೋಡುತ್ತಾರೆ. ಆಮೇಲೇ ಸೀರೆ ಬಿಟ್ಟು ಹೋಗುವುದು.

ಅಕ್ಕನಿಗೆ ಓವರ್‌ಲಾಕ್ ಮಿಷಿನ್ ಕೊಳ್ಳಬೇಕು. ಸಾಲಕ್ಕೆ ಹೋದರೆ ಅಂಗಡಿಯ ಲೈಸೆನ್ಸ್ ತನ್ನಿ ಅಂದರಂತೆ. ಲೈಸೆನ್ಸ್ ಕೇಳಲು ಇಬ್ಬರೂ ಕಚೇರಿಗೆ ಹೋದೆವು. ಮೇಜಿನ ಹಿಂದೆ ಗೋಡೆಯ ಮೇಲೆ ಊರಿನ ಮಾಸ್ಟರ್ ಪ್ಲ್ಯಾನ್ ನಕ್ಷೆ, ಯಾವ ಜಾಗ ಯಾವುದಕ್ಕೆ ಅಂತ ಬಣ್ಣ ಹಚ್ಚಿದ್ದು. ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ನೇರಳೆ ಅಂದರೆ ಕೈಗಾರಿಕೆ, ಹಸಿರು ಅಂದರೆ ಪಾರ್ಕು. ಅಕ್ಕನ ಓಣಿ ಪೂರ್ತಿ ಹಳದಿ.

"ಇದು ವಸತಿ ವಲಯ. ರಸ್ತೆ ಅಗಲನೂ ಸಾಲಲ್ಲ. ಪಾರ್ಕಿಂಗ್ ಎಲ್ಲಿ ತೋರಿಸ್ತೀರಿ?" ಅಂತ ಅಲ್ಲಿನ ಅಧಿಕಾರಿ ಕೇಳಿದರು.

"ನಮ್ಮತ್ತಿ ಕಾಲದಿಂದ ಇಲ್ಲೇ ಹೊಲೀತೀವ್ರಿ ಸರ್. ನನ್ನ ಕಡೆ ಬರೋರ ಹತ್ರ ಕಾರ್ ಎಲ್ಲಿ ಐತ್ರಿ?" ಅಂದರು ಅಕ್ಕ.

"ನಾನೇನ್ ಮಾಡ್ಲಿ ತಾಯಿ, ನಿಯಮ ಹಂಗ ಐತಿ. ಪ್ಲ್ಯಾನ್ ಪರಿಷ್ಕರಣೆ ಆಗೋವಾಗ ಆಕ್ಷೇಪಣೆ ಕೊಡ್ರಿ."

ಆ ಮನುಷ್ಯ ಕೆಟ್ಟವರಲ್ಲ. ಮರ್ಯಾದೆಯಿಂದಲೇ ಮಾತಾಡಿದರು. ನನ್ನ ಸಿಟ್ಟು ಅವರ ಮೇಲಲ್ಲ, ಆ ನಿಯಮದ ಮೇಲೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಅಂತ ಹಿಡಿಯಿರಿ. ಲೆಕ್ಕ ಹಾಕಿದರೆ 130 ಚದರ ಅಡಿಗಿಂತ ಜಾಸ್ತಿ. ಅಕ್ಕನ ಇಡೀ ಅಂಗಡಿ 80 ಚದರ ಅಡಿ. ಬಾರದ ಕಾರಿಗೆ ಅಂಗಡಿಗಿಂತ ದೊಡ್ಡ ಜಾಗ ತೋರಿಸು ಅಂದರೆ ಆ ಹೆಣ್ಣುಮಗಳು ಎಲ್ಲಿಂದ ತರಬೇಕು?

ನಮ್ಮ ಹಳೇ ಪೇಟೆ ಯಾವ ಲೇಔಟ್ ಮಾಡಿದವರೂ ಗೆರೆ ಎಳೆದು ಕಟ್ಟಿದ್ದಲ್ಲ. ಕೋಟೆಯ ಗೋಡೆಯಲ್ಲಿ 1294ರ ಶಾಸನ ಇದೆ, ಆ ಉದ್ದನೆಯ ಕಲ್ಲನ್ನು ನೀವೆಲ್ಲ ನೋಡಿದ್ದೀರಿ. ಕಾಟಿ ದರ್ವಾಜ, ನೌರಂಗಿ ದರ್ವಾಜ, ಮೆಕ್ಕಾ ದರ್ವಾಜ ಅಂತ ಬಾಗಿಲುಗಳಿದ್ದವು. ಆ ಬಾಗಿಲುಗಳಿಗೆ ಹೋಗುವ ದಾರಿಯಲ್ಲಿ ಜನ ನಡೆದರು, ನಡೆದ ಕಡೆ ಅಂಗಡಿ ಹುಟ್ಟಿದವು, ಅಂಗಡಿಯ ಮೇಲೆ, ಹಿಂದೆ ಮನೆಗಳಾದವು. 1871ರಲ್ಲಿ ಮುಂಬೈ ಕಡೆಯ ರೈಲು, ಮದ್ರಾಸ್ ಕಡೆಯ ರೈಲು ಇಲ್ಲೇ ಬಂದು ಕೂಡಿದ ಮೇಲೆ ವ್ಯಾಪಾರ ಇನ್ನೂ ಬೆಳೆಯಿತು. ಇಲ್ಲಿ ಮನೆ ಯಾವುದು, ಅಂಗಡಿ ಯಾವುದು ಅಂತ ಬೇರೆ ಬೇರೆ ಮಾಡಲು ಆಗೋದೇ ಇಲ್ಲ. ಕೆಳಗೆ ಬಳೆ ಅಂಗಡಿ, ಮೇಲೆ ಸಂಸಾರ. ಹಗಲು ಶಟರ್ ಎತ್ತಿದರೆ ಅಂಗಡಿ, ರಾತ್ರಿ ಎಳೆದರೆ ಮಕ್ಕಳು ಮಲಗುವ ಜಾಗ. ಅದನ್ನು ಒಂದೇ ಬಣ್ಣದಲ್ಲಿ ತುಂಬಿದರೆ ಅರ್ಧ ಊರು ನಿಯಮ ಮೀರಿದ್ದು ಅಂತಲೇ ಆಗುತ್ತೆ.

ಇನ್ನೊಂದು ಸಂಗತಿ ನನ್ನನ್ನು ತುಂಬ ಕಾಡುತ್ತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ಎಷ್ಟೋ ಊರುಗಳಲ್ಲಿ ಅಂಗಡಿಯವರು ಸ್ಕ್ಯಾನರ್ ತೆಗೆದು, ಬರೀ ನಗದು ಅಂತ ಚೀಟಿ ಅಂಟಿಸಿದರು. ತೆರಿಗೆ ಕೇಳುವಾಗ ಕಾಣುವ ಅಂಗಡಿ, ನಕ್ಷೆ ಬರೆಯುವಾಗ ಯಾಕೆ ಕಾಣುವುದಿಲ್ಲ? ಅಕ್ಕ ಇದ್ದಾರೆ, ಅವರ ದುಡಿಮೆ ಇದೆ, ಗಿರಾಕಿ ಇದ್ದಾರೆ. ನಕ್ಷೆಯಲ್ಲಿ ಮಾತ್ರ ಇಲ್ಲ.

ಪಾರ್ಕಿಂಗ್ ವಿಷಯಕ್ಕೆ ಮತ್ತೆ ಬರುತ್ತೇನೆ. ಮದುವೆ ಸೀಜನ್ನಿನಲ್ಲಿ ಒಂದು ದಿನ ತೀನ್ ಕಂದೀಲ್ ಹತ್ತಿರ ನಿಂತು ನೋಡಿ. ಮಾನ್ವಿ, ಸಿರವಾರ, ದೇವದುರ್ಗ ಕಡೆಯಿಂದ ಬಸ್ಸಿನಲ್ಲಿ ಬಂದ ಹೆಣ್ಣುಮಕ್ಕಳು ನಾಲ್ಕೈದು ಜನ ಒಟ್ಟಿಗೆ ಇರುತ್ತಾರೆ. ಸೀರೆ ತಗೊಂಡರು, ಪಕ್ಕದಲ್ಲೇ ಫಾಲ್‌ಗೆ ಕೊಟ್ಟರು. ಅದು ಆಗುವಷ್ಟರಲ್ಲಿ ಬಳೆ ಇಡಿಸಿಕೊಂಡರು. ಸರಾಫ್ ಬಜಾರಿನಲ್ಲಿ ತಾಳಿಗೆ ಹೇಳಿ, ಪಾತ್ರೆ ಅಂಗಡಿಯಲ್ಲಿ ತಂಬಿಗೆ, ಕೊಡ ತೂಗಿಸಿದರು. ಮಧ್ಯದಲ್ಲಿ ಒಂದು ಪ್ಲೇಟ್ ಒಗ್ಗರಣೆ, ಮಿರ್ಚಿ. ಸಂಜೆ ಬಸ್ಸಿಗೆ ವಾಪಸ್. ಇಷ್ಟೂ ನಡೆದೇ ಆಗುತ್ತೆ. ನಮ್ಮ ಬಿಸಿಲಲ್ಲಿ ಅಷ್ಟು ಹೊತ್ತು ನಡೆಯಲು ಆಗುವುದು ಓಣಿ ಕಿರಿದಾಗಿರುವುದಕ್ಕೇ. ಒಂದು ಕಡೆಯ ಮನೆಗಳ ನೆರಳು ಇನ್ನೊಂದು ಕಡೆಗೆ ಬೀಳುತ್ತೆ. ಈ ಗಿರಾಕಿಗೆ ಕಾರಿನ ಜಾಗ ಬೇಕಿಲ್ಲ. ಕೂರಲು ಒಂದು ಕಟ್ಟೆ, ಕುಡಿಯುವ ನೀರು, ಒಂದು ಸ್ವಚ್ಛ ಶೌಚಾಲಯ ಬೇಕು. ವಲಯ ನಿಯಮದ ಪುಸ್ತಕದಲ್ಲಿ ಕಾರಿಗೆ ಪಟ್ಟಿಯೇ ಇದೆ. ಬಸ್ಸಿನಲ್ಲಿ ಬರುವ ಹೆಂಗಸಿಗೆ ಏನಿದೆ?

ಅಂಗಡಿಗಳನ್ನು ಊರ ಹೊರಗೆ ಒಂದು ಕಾಂಪ್ಲೆಕ್ಸ್‌ಗೆ ಸಾಗಿಸಿ ಅನ್ನುವವರಿಗೂ ಇದೇ ಉತ್ತರ. ಫಾಲ್ ಹಚ್ಚುವ ಅಂಗಡಿ ಬದುಕುವುದು ಸೀರೆ ಅಂಗಡಿಯ ಪಕ್ಕದಲ್ಲಿ. ಅದನ್ನು ಕಿತ್ತು ಬೈಪಾಸ್ ಕಡೆ ಇಟ್ಟರೆ ಬಾಡಿಗೆ ಬರುತ್ತೆ, ಗಿರಾಕಿ ಬರಲ್ಲ. ನಾನು ಲೆಕ್ಕ ಬರೆದ ಅಂಗಡಿಗಳಲ್ಲೇ ಹಾಗೆ ಹೋಗಿ ಮುಚ್ಚಿದವು ಇವೆ.

ರಸ್ತೆ ಅಗಲ ಮಾಡಿ, ಎತ್ತರದ ಕಟ್ಟಡಕ್ಕೆ ಅನುಮತಿ ಕೊಡಿ, ಎಲ್ಲರಿಗೂ ಲಾಭ ಅಂತ ಇನ್ನು ಕೆಲವರು ಹೇಳುತ್ತಾರೆ. ಎಲ್ಲರಿಗೂ ಅಲ್ಲ. ಎಷ್ಟು ಕಟ್ಟಬಹುದು ಅನ್ನುವುದು ರಸ್ತೆಯ ಅಗಲದ ಮೇಲೆ, ನಿವೇಶನದ ಅಳತೆಯ ಮೇಲೆ ನಿಂತಿದೆ. ಸುತ್ತ ಜಾಗ ಬಿಡಬೇಕು, ಪಾರ್ಕಿಂಗ್ ಬಿಡಬೇಕು. ಹನ್ನೆರಡು ಅಡಿ ಅಗಲದ ಮನೆಯಲ್ಲಿ ಇಷ್ಟೆಲ್ಲ ಬಿಟ್ಟರೆ ಕಟ್ಟಲು ಉಳಿಯುವುದೇನು? ಅಕ್ಕಪಕ್ಕದ ನಾಲ್ಕು ಜಾಗ ಕೊಂಡು ಒಂದು ಮಾಡಬಲ್ಲವರಿಗೆ ಮಾತ್ರ ಆ ಅನುಮತಿ ಉಪಯೋಗಕ್ಕೆ ಬರುತ್ತೆ. ಜಾಗದ ಬೆಲೆ ಏರುತ್ತೆ, ಹಿಂದೆಯೇ ಬಾಡಿಗೆ ಏರುತ್ತೆ. ಮಾಲೀಕರು ಮಾರಿ ಹೋಗುತ್ತಾರೆ, ಬಾಡಿಗೆಯವನು ಬೀದಿಗೆ ಬರುತ್ತಾನೆ.

ಇದು ನನಗೆ ಓದಿ ಗೊತ್ತಾದದ್ದಲ್ಲ. ಅಪ್ಪನ ಅಂಗಡಿ ಹೋದದ್ದು ಹೀಗೇ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನೋಟ್‌ಬುಕ್, ಪೆನ್ನು, ಖಾತೆ ಪುಸ್ತಕ ಮಾರುವ ಅಂಗಡಿ, ನಾನು ಆಗ ಪಿಯುಸಿ. ಕಟ್ಟಡ ಒಡೆದಾಗ ಪರಿಹಾರ ಬಂದದ್ದು ಗೋಡೆಗೆ, ಜಾಗಕ್ಕೆ. ಅವೆರಡೂ ನಮ್ಮದಲ್ಲ. ಅಷ್ಟು ವರ್ಷ ಕೂಡಿಸಿದ ಗಿರಾಕಿಗಳನ್ನು ಯಾರೂ ಅಳತೆ ಮಾಡಲಿಲ್ಲ. ಅಪ್ಪ ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋದರು. ಅಲ್ಲಿಂದ ಬಂದದ್ದು ಈ ನನ್ನ ಕೆಲಸ. ಇವತ್ತು ಅಕ್ಕ ಕಚೇರಿಯ ಮೆಟ್ಟಿಲಿಳಿಯುವಾಗ ಒಂದು ಮಾತೂ ಆಡಲಿಲ್ಲ. ನನಗೆ ಅಪ್ಪನ ಮುಖವೇ ಕಂಡಿತು.

ಗೆಳೆಯನೊಬ್ಬ ಆಗಲೇ ಫೋನಿನಲ್ಲಿ ಜಗಳ ತೆಗೆದ. "ನಿಯಮ ಇಲ್ಲದಿದ್ದರೆ ಊರು ಹಾಳಾಗುತ್ತೆ. ಬೆಂಕಿ ಬಿದ್ದರೆ ಬಂಡಿ ಒಳಗೆ ಬರಲ್ಲ, ಆಂಬುಲೆನ್ಸ್ ಬರಲ್ಲ" ಅಂತ. ಬೆಂಕಿಯ ಮಾತು ನಿಜ, ನಾನೂ ಒಪ್ಪುತ್ತೇನೆ. ಅದಕ್ಕೆ ಓಣಿಗೆ ನುಗ್ಗುವ ಸಣ್ಣ ಅಗ್ನಿಶಾಮಕ ವಾಹನ ಬೇಕು, ನೀರಿನ ಪಾಯಿಂಟ್ ಬೇಕು, ಜೋತಾಡುವ ಕರೆಂಟ್ ವೈರುಗಳು ಸರಿಯಾಗಬೇಕು. ಅಕ್ಕನ ಪಿಕೋ ಮಿಷಿನ್ ಮುಚ್ಚಿಸಿದರೆ ಓಣಿ ಒಂದು ಇಂಚೂ ಅಗಲ ಆಗಲ್ಲ. ನಿಯಮ ಬೇಡ ಅಂತ ನಾನು ಹೇಳುತ್ತಲೇ ಇಲ್ಲ. ಮನೆಗಳ ಮಧ್ಯೆ ಆಸಿಡ್ ಇಟ್ಟು ಕೆಲಸ ಮಾಡುವುದು, ಗ್ಯಾಸ್ ಸಿಲಿಂಡರ್ ರಾಶಿ ಹಾಕುವುದು, ರಾತ್ರಿಯೆಲ್ಲ ವೆಲ್ಡಿಂಗ್ ಮಾಡುವುದು, ಇವೆಲ್ಲ ನಿಲ್ಲಲಿ. ಹೊಗೆ ಎಷ್ಟು, ಸದ್ದು ಎಷ್ಟು, ಕೊಳಚೆ ಎಷ್ಟು, ಬೆಂಕಿಯ ಭಯ ಎಷ್ಟು ಅಂತ ನೋಡಿ ನಿರ್ಧರಿಸಿ. ಬಣ್ಣ ನೋಡಿ ನಿರ್ಧರಿಸಬೇಡಿ.

ಇದು ಆಗದ ಕೆಲಸವೂ ಅಲ್ಲ. ಜಪಾನಿನಲ್ಲಿ ಅತಿ ಕಟ್ಟುನಿಟ್ಟಿನ ವಸತಿ ವಲಯದಲ್ಲೂ ಮನೆಯ ಭಾಗವಾಗಿ 50 ಚದರ ಮೀಟರ್‌ವರೆಗಿನ ಸಣ್ಣ ಅಂಗಡಿಗೆ ಅವಕಾಶ ಇದೆ, ಅದು ಮನೆಯ ಅರ್ಧಕ್ಕಿಂತ ಕಡಿಮೆ ಇರಬೇಕು ಅಷ್ಟೆ. ಅಮೆರಿಕದ ಬಫಲೋ ಊರಿನಲ್ಲಿ 2017ರಲ್ಲಿ ಕಡ್ಡಾಯ ಪಾರ್ಕಿಂಗ್ ನಿಯಮವನ್ನೇ ತೆಗೆದರು. ಅಷ್ಟು ದೂರ ಯಾಕೆ, ದೆಹಲಿಯನ್ನೇ ನೋಡಿ. 2006ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ವಸತಿ ಪ್ರದೇಶದ ಅಂಗಡಿಗಳಿಗೆ ಬೀಗ ಮುದ್ರೆ ಹಾಕಿದಾಗ ಎಷ್ಟು ಗಲಾಟೆ ಆಯಿತು. 2007ರಲ್ಲಿ ಬಂದ ಮಾಸ್ಟರ್ ಪ್ಲ್ಯಾನ್‌ನಲ್ಲಿ ಮನೆ, ಅಂಗಡಿ ಎರಡೂ ಇರುವ ಬಳಕೆಗೆ ಜಾಗ ಮಾಡಿಕೊಟ್ಟರು. ದಿನನಿತ್ಯದ ವಸ್ತುಗಳ ಸಣ್ಣ ಅಂಗಡಿ, 20 ಚದರ ಮೀಟರ್ ಮೀರದಿದ್ದರೆ, ಮನೆಯ ನೆಲ ಅಂತಸ್ತಿನಲ್ಲಿ ಇರಬಹುದು ಅಂದರು. ಅಕ್ಕನ ಅಂಗಡಿ ಎಂಟು ಚದರ ಮೀಟರೂ ಇಲ್ಲ. ದೆಹಲಿಯಲ್ಲಿ ಸಾಧ್ಯವಾದದ್ದು ರಾಯಚೂರಿನಲ್ಲಿ ಯಾಕೆ ಆಗಬಾರದು?

ಬೀದಿ ಬದಿಯವರಿಗಾದರೂ 2014ರ ಕಾಯ್ದೆ ಇದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವ ಹಾಗಿಲ್ಲ. ಐವತ್ತು ವರ್ಷ ದಾಟಿದ ಸಂತೆಗೆ ಪಾರಂಪರಿಕ ಮಾರುಕಟ್ಟೆ ಅಂತ ಗುರುತು ಇದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಎಷ್ಟು ಜಾರಿ ಆಗಿದೆ ಅನ್ನುವುದು ಬೇರೆ ಜಗಳ. ಕಾಗದದಲ್ಲಾದರೂ ಅವರಿಗೆ ಒಂದು ಕುರ್ಚಿ ಇದೆ. ನಾಲ್ಕು ಗೋಡೆಯೊಳಗೆ ಕೂತು ಹೊಲಿಯುವ ಅಕ್ಕನಿಗೆ ಅದೂ ಇಲ್ಲ.

ಈಗ ಮಾಡಬೇಕಾದದ್ದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಮಾಸ್ಟರ್ ಪ್ಲ್ಯಾನ್ ಪರಿಷ್ಕರಣೆ ಆಗಬೇಕು. ಅದಕ್ಕೆ ಮೊದಲು ಹೊಸದಾಗಿ ಸರ್ವೆ ಮಾಡಬೇಕು. ಕರಡು ಪ್ರಕಟ ಮಾಡಿ ಜನರ ಅಭಿಪ್ರಾಯ ಕೇಳಲು 60 ದಿನ ಇರುತ್ತೆ. ಆ 60 ದಿನದಲ್ಲಿ ನಾವು ಸುಮ್ನೆ ಕೂತರೆ, ಹೋಗಿ ಮಾತಾಡುವವರು ದೊಡ್ಡ ಜಾಗದ ಮಾಲೀಕರು ಮಾತ್ರ. ಅವರಿಗೆ ವಕೀಲರಿದ್ದಾರೆ, ಎಂಜಿನಿಯರ್ ಇದ್ದಾರೆ. ಬಾಡಿಗೆ ಅಂಗಡಿಯವರಿಗೆ ಪತ್ರಿಕೆಯ ಮೂಲೆಯಲ್ಲಿ ಬಂದ ಪ್ರಕಟಣೆ ಕಣ್ಣಿಗೂ ಬೀಳಲ್ಲ.

ಅದಕ್ಕೇ ಈಗಲೇ ತಯಾರಾಗೋಣ ಅಂತಿದ್ದೇನೆ. ಸರ್ವೆಯವರು ಬರುವುದಕ್ಕೆ ಮೊದಲು ನಮ್ಮ ಓಣಿಗಳ ಪಟ್ಟಿ ನಾವೇ ಮಾಡೋಣ. ಯಾವ ಮನೆಯಲ್ಲಿ ಯಾವ ಅಂಗಡಿ, ಎಷ್ಟು ಅಡಿ, ಯಾವಾಗಿನಿಂದ, ಎಷ್ಟು ಜನಕ್ಕೆ ಕೆಲಸ, ಮಾಲೀಕರೋ ಬಾಡಿಗೆಯೋ. ಆಕ್ಷೇಪಣೆಯಲ್ಲಿ ಮೂರೇ ಮಾತು ಕೇಳೋಣ. ಹಳೇ ಪೇಟೆಯನ್ನು ಮನೆ, ಅಂಗಡಿ ಎರಡೂ ಇರುವ ಬೇರೆ ವಲಯ ಅಂತ ಗುರುತಿಸಲಿ. ಸಣ್ಣ ಅಂಗಡಿಗೆ ಪಾರ್ಕಿಂಗ್, ರಸ್ತೆ ಅಗಲದ ಷರತ್ತು ಬಿಡಲಿ. ಕಟ್ಟಡ ಒಡೆಯುವ ಪ್ರಸಂಗ ಬಂದರೆ ಒಳಗೆ ವ್ಯಾಪಾರ ಮಾಡುವ ಬಾಡಿಗೆಯವರಿಗೆ ಅಲ್ಲೇ ಮತ್ತೆ ಜಾಗ ಸಿಗಲಿ.

ಕನ್ನಡದಲ್ಲಿ ಒಂದು ಮಾದರಿ ಪತ್ರ ಬರೆದಿಟ್ಟಿದ್ದೇನೆ, ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ. ಉರ್ದು, ತೆಲುಗಿನಲ್ಲಿ ಬರೆದುಕೊಡಬಲ್ಲವರು ಇದ್ದರೆ ದಯವಿಟ್ಟು ಕೈ ಜೋಡಿಸಿ, ನಮ್ಮ ಪೇಟೆಯಲ್ಲಿ ಮೂರೂ ಭಾಷೆ ಬೇಕು. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ನನ್ನ ಆಫೀಸಿಗೆ ಬನ್ನಿ. ಹಳೇ ಬಾಡಿಗೆ ಚೀಟಿ, ಕರೆಂಟ್ ಬಿಲ್, ಅಂಗಡಿಯ ಹಳೇ ಫೋಟೋ ಏನಿದ್ದರೂ ತನ್ನಿ. ಮೊದಲು ಅಕ್ಕನ ಓಣಿಯಿಂದ ಶುರು ಮಾಡೋಣ, ಟೇಪು ನಾನು ತರುತ್ತೇನೆ.