ಸ್ಪೋರ್ಟ್ಸ್ ಕಾರಿಗೆ ರಬ್ಬರ್ ವಾಲ್ವ್ ಸಾಕಾ?

ಟೈರಿಗೆ ಗಾಳಿ ತುಂಬುವ ವಾಲ್ವ್ ಬಗ್ಗೆ ಬರೆಯುತ್ತಾ, ಅಲಾಯ್ ವೀಲಿಗೂ ಮಾಮೂಲಿ ರಬ್ಬರ್ ವಾಲ್ವೇ ಸಾಕು ಅಂತ ಬರೆದಿದ್ದೀರಿ. ಊರೊಳಗೆ ಓಡಾಡುವ ಕಾರಿಗೆ ಸರಿ, ಸ್ಪೋರ್ಟ್ಸ್ ಕಾರಿಗೆ ಒಪ್ಪುವ ಮಾತಲ್ಲ ಸಾರ್. ಚಕ್ರ ಜೋರಾಗಿ ತಿರುಗುವಾಗ ರಬ್ಬರ್ ವಾಲ್ವ್ ರಿಮ್ಮಿನ ಅಂಚಿನ ಕಡೆ ಬಾಗುತ್ತದೆ. ಉದ್ದ ಇದ್ದಷ್ಟೂ ಜಾಸ್ತಿ. ಬುಡದಲ್ಲಿ ಬಿರುಕು ಬಿಟ್ಟರೆ ಗಾಳಿ ಹೋಯಿತು ಅಂತಲೇ ಲೆಕ್ಕ. ಗಂಟೆಗೆ 200 ಕಿ.ಮೀ. ದಾಟುವ ಕಾರಿಗೆ ನಟ್ ಬಿಗಿಯುವ ಲೋಹದ ವಾಲ್ವ್ ಬೇಕು, ಅದೂ ಗಿಡ್ಡದ್ದು. ವಾಲ್ವ್ ಕೂರುವ ರಿಮ್ಮಿನ ತೂತು ಸಾಮಾನ್ಯವಾಗಿ 11.5 ಮಿ.ಮೀ., ಆದರೂ ಅಳೆದೇ ತನ್ನಿ.

ಇನ್ನೊಂದು, ಅಲ್ಯೂಮಿನಿಯಂ ವಾಲ್ವಿಗೆ ಚೆಂದಕ್ಕೆ ಅಂತ ಹಿತ್ತಾಳೆ ಕ್ಯಾಪ್ ಹಾಕಬೇಡಿ. ನೀರು ಸೇರಿ ಎರಡೂ ಕಚ್ಚಿಕೊಂಡುಬಿಡುತ್ತವೆ. ಇಕ್ಕಳ ಹಾಕಿ ತಿರುಗಿಸಿದರೆ ವಾಲ್ವೇ ಮುರಿದು ಕೈಗೆ ಬರಬಹುದು. ಪ್ಲಾಸ್ಟಿಕ್ ಕ್ಯಾಪ್ ಕಂಡರೆ ನಮ್ಮ ಜನಕ್ಕೆ ಯಾಕೋ ಅಸಡ್ಡೆ! ಟೈರ್ ಬದಲಿಸುವಾಗ ವಾಲ್ವಿನ ರಬ್ಬರ್ ವಾಷರ್ ಕೂಡ ಹೊಸದು ಹಾಕಿಸಿ.