ಕಿಲೋ ಲೆಕ್ಕದ ಕಾರು

ಕಾರು ಕೊಳ್ಳುವುದು ದುಡ್ಡಿದ್ದವರ ಕೆಲಸ, ಕಟ್ಟುವುದು ಬುದ್ಧಿಯಿದ್ದವರ ಕೆಲಸ ಎನ್ನುವುದು ನನ್ನ ಭಾವಮೈದುನನ ಸಿದ್ಧಾಂತ. ಬುದ್ಧಿ ಅವನದು, ದುಡ್ಡು ನನ್ನದು ಎಂದು ಮೊದಲೇ ಪಾಲಾಗಿತ್ತು. ಜಾಗ ಮಾತ್ರ ಬೆಂಗಳೂರಿನ ಶ್ರೀನಗರದ ನಮ್ಮ ಮನೆಯ ಮುಂದಿನ ಶೆಡ್ಡು.

ಅವನ ಕಣ್ಣು ಬಿದ್ದದ್ದು 1957ರ ಲೋಟಸ್ ಸೆವೆನ್ ಮೇಲೆ. ಎರಡೇ ಸೀಟು, ತಲೆಯ ಮೇಲೆ ಆಕಾಶ. ಆಗ ಇಂಗ್ಲೆಂಡಿನಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ. ಬಿಡಿಭಾಗಗಳ ಕಿಟ್ ತಂದು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ತೆರಿಗೆ ಉಳಿಯುತ್ತದೆಂದರೆ ಮೈಬಗ್ಗಿಸುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಆ ಕಾರನ್ನು ರೂಪಿಸಿದ ಕಾಲಿನ್ ಚಾಪ್‌ಮನ್‌ಗೆ ತೂಕವೆಂದರೆ ಆಗುತ್ತಿರಲಿಲ್ಲ. ಕಾರು ಹಗುರವಾದಷ್ಟೂ ಚೆನ್ನ ಎಂಬುದೇ ಅವರ ಮಂತ್ರ.

ನಮಗೆ ಶಿವಾಜಿನಗರದ ಗುಜರಿಯೇ ಕಿಟ್. ಮಾರುತಿ 800ರ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಸೆವೆನ್‌ಗೆ ಹಿಂದಿನವು ತಿರುಗಬೇಕು. ಹಾಗಾಗಿ ಓಮ್ನಿಯನ್ನು ಹುಡುಕಿದೆವು: ಅದೇ 796 ಸಿಸಿಯ ಮೂರು ಸಿಲಿಂಡರ್, ಆದರೆ ಬಲವೆಲ್ಲ ಹಿಂದಕ್ಕೆ. ಹಿಂದಿನ ಆಕ್ಸಲನ್ನು ಆಟೊದಲ್ಲಿ ಅಡ್ಡಡ್ಡ ಇಟ್ಟುಕೊಂಡು ಹೊರಟೆವು. ಅದರ ಹೊಟ್ಟೆಯಲ್ಲಿ ಉಳಿದಿದ್ದ ಗೇರ್ ಎಣ್ಣೆ ಪ್ರತಿ ರಸ್ತೆಯುಬ್ಬಿಗೂ ನನ್ನ ಪ್ಯಾಂಟಿಗೆ ಇಳಿಯುತ್ತಿತ್ತು. ಚಾಲಕ ಕನ್ನಡಿಯಲ್ಲಿ ನೋಡಿ, “ಉಳಿದ ಗಾಡಿಯವರು ಹಿಂದೆ ಅಟ್ಟಿಸಿಕೊಂಡು ಬರುತ್ತಿಲ್ಲ ತಾನೆ ಸಾರ್?” ಎಂದ.

ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ಬೆಸೆಯಲು ಸಿಕ್ಕವರು ಕಿಟಕಿ ಗ್ರಿಲ್ ಮಾಡುವ ಮೇಸ್ತ್ರಿ. ಚೌಕ ಪೈಪಿನ ವಿಷಯದಲ್ಲಿ ಪಳಗಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಒಂದಿಂಚಿನ 16 ಗೇಜ್ ಪೈಪನ್ನು ಅವರು ಎರಡು ಬೆರಳಲ್ಲಿ ಎತ್ತಿ, “ಇದು ಬಚ್ಚಲ ಕಿಟಕಿಗೂ ಸಾಲದು” ಎಂದು ಮೂಗು ಮುರಿದರು. ಅವರ ಕೂಲಿ ಕಿಲೋ ಲೆಕ್ಕ. ಚಾಪ್‌ಮನ್ ಮಂತ್ರಕ್ಕೂ ಈ ಲೆಕ್ಕಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ನಕ್ಷೆಯಲ್ಲಿ ಒಂದು ಓರೆಪಟ್ಟಿ ಇದ್ದಲ್ಲಿ “ಗಟ್ಟಿಗಿರಲಿ” ಎಂದು ಎರಡು ಬಿತ್ತು. ಎಂಜಿನ್ ಮೇಲಿನಿಂದ ಇಳಿಯಬೇಕಾದ ಜಾಗಕ್ಕೆ ಅಡ್ಡಸರಳು ಬಂತು. ಯಾಕೆಂದು ಕೇಳಿದರೆ, “ಇಷ್ಟು ಅಗಲ ಬಿಟ್ಟರೆ ಒಬ್ಬ ಮನುಷ್ಯ ಆರಾಮಾಗಿ ನುಗ್ಗುತ್ತಾನೆ ಸಾರ್” ಎಂದರು. ಮೂತಿಗೆ ಒಂದು ಕಬ್ಬಿಣದ ಹೂವು, ಎರಡು ಎಲೆ. ಅದರ ಕೂಲಿ ಬೇಡವೆಂದರು. ತಕ್ಕಡಿಗೆ ಮಾತ್ರ ಹೂವೂ ಹತ್ತಿತು.

ಭಾವಮೈದುನ ಆ ರಾತ್ರಿ ಊಟ ಬಿಟ್ಟ. ಮರುದಿನ ಗ್ರೈಂಡರ್ ಬಾಡಿಗೆಗೆ ತಂದು ಸರಳು ಕತ್ತರಿಸಿದ. ಹೀಗೆ ಹಾಕಿಸಲೂ ನಾನೇ, ತೆಗೆಸಲೂ ನಾನೇ ದುಡ್ಡು ಕೊಟ್ಟೆ.

ಸರ್ಕಾರದಿಂದ ಮಾದರಿ ಅನುಮೋದನೆ ಇಲ್ಲದ ಗಾಡಿಗೆ ನೋಂದಣಿಯಿಲ್ಲ, ನೋಂದಣಿಯಿಲ್ಲದ್ದು ರಸ್ತೆಗೆ ಇಳಿಯುವಂತಿಲ್ಲ. ಅದಕ್ಕೆ ಅವನ ಬಳಿ ಉತ್ತರ ಸಿದ್ಧವಿತ್ತು: “ಖಾಸಗಿ ಜಾಗದಲ್ಲಿ ಓಡಿಸಿದರಾಯಿತು ಭಾವ.” ನಮ್ಮ ಖಾಸಗಿ ಜಾಗವೆಂದರೆ 30–40ರ ಸೈಟು. ಅದರಲ್ಲಿ ಮನೆ, ಸಂಪು, ನುಗ್ಗೆಮರ ಕಳೆಯಬೇಕು.

ಸದ್ಯ ಚಾಸಿ ರೆಡ್ ಆಕ್ಸೈಡ್ ಬಳಿದುಕೊಂಡು ಶೆಡ್ಡಿನಲ್ಲಿದೆ. ಎದುರುಮನೆಯವರು ಬಂದು ಬೆಸುಗೆಯನ್ನು ಸವರಿ ನೋಡಿ, ಅದೇ ಮೇಸ್ತ್ರಿಯಿಂದ ತಮ್ಮ ಮಹಡಿಗೆ ಅದೇ ಹೂವಿನ ರೇಲಿಂಗ್ ಮಾಡಿಸಿಕೊಂಡರು. ಅದು ಒಂದೇ ವಾರದಲ್ಲಿ ಮುಗಿಯಿತು.